ಲಕ್ವ ಹೊಡೆದಾಗ ಮೂಗಿಗೆ ಏನೂ ಹಾಕಬೇಡಿ

ಪ್ರಶ್ನೆ: ಡಾಕ್ಟರೇ, ನಮ್ಮದು ಮಧುಗಿರಿ ತಾಲ್ಲೂಕಿನ ಹಳ್ಳಿ. ಅಪ್ಪನಿಗೆ 64 ವರ್ಷ, ಬಿ.ಪಿ. ಇದೆ. ಹೋದ ವರ್ಷ ಚಿಕ್ಕಪ್ಪನಿಗೆ ಲಕ್ವ ಹೊಡೆದಾಗ ಮೂಗಿಗೆ ಸೊಪ್ಪಿನ ರಸ ಹಿಂಡಿಸಿದ್ದೆವು. ಈಗ ದೊಡ್ಡ ವಿಜ್ಞಾನಿಗಳೇ ಮೂಗಿನಿಂದ ಮಿದುಳಿಗೆ ಔಷಧ ಕೊಡುತ್ತಿದ್ದಾರಂತೆ. ಆ ಸ್ಪ್ರೇ ಎಲ್ಲಿ ಸಿಗುತ್ತದೆ?

ಉತ್ತರ: ಲಕ್ವಕ್ಕೆ ಅಂಥ ಸ್ಪ್ರೇ ಯಾವ ಔಷಧ ಅಂಗಡಿಯಲ್ಲೂ ಇಲ್ಲ. ಸೊಪ್ಪಿನ ರಸವಂತೂ ಖಂಡಿತ ಬೇಡ.

ಸಂಶೋಧನೆ ನಿಜ. ರಕ್ತಕ್ಕೆ ಸೇರಿದ ಬಹುಪಾಲು ಔಷಧಗಳನ್ನು ಮಿದುಳಿನ ರಕ್ತನಾಳಗಳ ಗೋಡೆ ಒಳಗೆ ಬಿಡುವುದಿಲ್ಲ. ಮೂಗಿನ ಮೇಲ್ತುದಿಯಲ್ಲಿ ವಾಸನೆಯ ನರಗಳು ನೇರವಾಗಿ ಮಿದುಳು ಸೇರುತ್ತವೆ. ಆ ದಾರಿಯಲ್ಲಿ ಕೆಲವು ಪ್ರೋಟೀನುಗಳನ್ನು ಕೊಟ್ಟಾಗ ಇಲಿಗಳ ಮಿದುಳಿಗೆ ಆಗುವ ಹಾನಿ ಕಡಿಮೆಯಾಗಿದೆ. ಆದರೆ ಇಲಿಯ ಮೂಗಿನೊಳಗೆ ಸುಮಾರು ಅರ್ಧದಷ್ಟು ವಾಸನೆಯ ಪೊರೆಯೇ. ನಮ್ಮಲ್ಲಿ ಅದು ನೂರಕ್ಕೆ ಹತ್ತರಷ್ಟೂ ಇಲ್ಲ. ಇಲಿಗೆ ಒಗ್ಗಿದ ಮದ್ದು ಮನುಷ್ಯರಿಗೆ ಒಗ್ಗದೇ ಹೋಗಿದ್ದೂ ಉಂಟು. ರಕ್ತನಾಳಕ್ಕೆ ಕೊಡುತ್ತಿದ್ದ ಎನ್‌ಎಕ್ಸ್‌ವೈ-059 ಎಂಬ ಮಿದುಳು ರಕ್ಷಕ ಔಷಧ 2006ರಲ್ಲಿ ಆಸೆ ಹುಟ್ಟಿಸಿತು. 2007ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ ಸೋತಿತು.

ನಮ್ಮ ಒಂದೊಂದು ಹೊಳ್ಳೆ ಹಿಡಿಯುವುದು 0.1ರಿಂದ 0.2 ಮಿ.ಲೀ. ಅಷ್ಟೇ. ಅದಕ್ಕಿಂತ ಹೆಚ್ಚು ಹಿಂಡಿದರೆ ಗಂಟಲಿಗೆ ಇಳಿಯುತ್ತದೆ. ಲಕ್ವ ಹೊಡೆದವರಲ್ಲಿ ನುಂಗುವ ಶಕ್ತಿ ಕುಂದಿರುತ್ತದೆ, ಎಷ್ಟೋ ಸಲ ಕೆಮ್ಮೂ ಬರುವುದಿಲ್ಲ. ರಸ ಸದ್ದಿಲ್ಲದೆ ಶ್ವಾಸಕೋಶ ಸೇರಿ ನ್ಯುಮೋನಿಯಾ ಆಗುತ್ತದೆ. ಬಾಯಿಗೆ ನೀರು, ಕಾಫಿ, ಬಿ.ಪಿ. ಮಾತ್ರೆ ಹಾಕುವುದೂ ಇದೇ ಕಾರಣಕ್ಕೆ ಅಪಾಯ.

ದೊಡ್ಡ ರಕ್ತನಾಳ ಕಟ್ಟಿಕೊಂಡಾಗ ನಿಮಿಷಕ್ಕೆ ಸುಮಾರು 19 ಲಕ್ಷ ನರಕೋಶಗಳು ಸಾಯುತ್ತವೆ. ಇಂದು ಕೈಯಲ್ಲಿರುವ ಮದ್ದು ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್. ಅದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಮಿದುಳಲ್ಲಿ ರಕ್ತಸ್ರಾವವಾಗಿದ್ದರೆ ಅದೇ ಇಂಜೆಕ್ಷನ್ ಪ್ರಾಣಕ್ಕೆ ಎರವಾಗುತ್ತದೆ. ಹಾಗಾಗಿ ಮೊದಲು ಸಿ.ಟಿ. ಸ್ಕ್ಯಾನ್. ಆಸ್ಪಿರಿನ್ ಕೂಡ ಸ್ಕ್ಯಾನ್ ಆಗುವವರೆಗೆ ಬೇಡ. ರಸ ಹಿಂಡುವವರನ್ನು ಹುಡುಕಿಕೊಂಡು ಹೋಗುವ ಹೊತ್ತಿನಲ್ಲಿ ಮಧುಗಿರಿಯಿಂದ ತುಮಕೂರು ತಲುಪಬಹುದು. ನನಗೆ ಬಹಳ ಸಂಕಟವಾಗುವುದು ಇದರಿಂದಲೇ: ಜನ ದೂರದಿಂದಲ್ಲ, ತಡವಾಗಿ ಹೊರಟು ಅವಕಾಶ ಕಳೆದುಕೊಳ್ಳುತ್ತಾರೆ.

ಪ್ರಶ್ನೆ: ನಾವು ಪಾವಗಡದವರು. ತುಮಕೂರು ನೂರು ಕಿ.ಮೀ. ಆಗುತ್ತದೆ. ಏನು ಮಾಡಬೇಕು?

ಉತ್ತರ: ಕೊರಟಗೆರೆ, ಶಿರಾದವರಿಗಿಂತ ನಿಮ್ಮ ಕಷ್ಟ ದೊಡ್ಡದು, ಒಪ್ಪುತ್ತೇನೆ. ಮುಖ ಸೊಟ್ಟಗಾದ, ಕೈ ಸೋತ, ಮಾತು ತೊದಲಿದ ಕ್ಷಣವೇ 108ಕ್ಕೆ ಕರೆ ಮಾಡಿ. ಸಿ.ಟಿ. ಸ್ಕ್ಯಾನೂ ಇಂಜೆಕ್ಷನ್ನೂ ಎರಡೂ ಎಲ್ಲಿವೆ ಎಂದು ಇವತ್ತೇ, ಎಲ್ಲರೂ ಚೆನ್ನಾಗಿರುವಾಗಲೇ, ಫೋನ್ ಮಾಡಿ ತಿಳಿದಿಟ್ಟುಕೊಳ್ಳಿ. ನಿಮಗೆ ಹಿಂದೂಪುರ ತುಮಕೂರಿಗಿಂತ ಹತ್ತಿರ. ಆಂಧ್ರ ಎಂದು ಹಿಂಜರಿಯಬೇಡಿ, ಅಲ್ಲೂ ವಿಚಾರಿಸಿ. ರೋಗಿಯನ್ನು ಮಗ್ಗುಲಾಗಿ ಮಲಗಿಸಿ ಕರೆದೊಯ್ಯಿರಿ. ಅವರು ಕೊನೆಯ ಬಾರಿ ಸರಿಯಾಗಿದ್ದುದನ್ನು ಕಂಡವರೇ ಜೊತೆಗೆ ಬರಲಿ. ಆ ಗಂಟೆಯನ್ನು ಡಾಕ್ಟರು ಮೊದಲು ಕೇಳುತ್ತಾರೆ. ದಿನವೂ ನುಂಗುವ ಮಾತ್ರೆಗಳ ಪಟ್ಟಿಯನ್ನೂ ಮರೆಯದೆ ತನ್ನಿ. ರಕ್ತ ತೆಳುವಾಗಿಸುವ ಮಾತ್ರೆ ಅದರಲ್ಲಿದ್ದರೆ ಚಿಕಿತ್ಸೆಯೇ ಬದಲಾಗಬಹುದು.