ಸಿಪ್ಯಾಪ್ ಚಿಕಿತ್ಸೆ ಮತ್ತು ರಾತ್ರಿಯಿಡೀ ನಿದ್ರೆ

ಗೊರಕೆಯನ್ನು ಗಾಢ ನಿದ್ರೆಯ ಲಕ್ಷಣವೆಂದು ಭಾವಿಸುವವರು ನಮ್ಮಲ್ಲಿ ಬಹುಮಂದಿ. ಆದರೆ ಜೋರಾದ ಗೊರಕೆಯ ನಡುವೆ ಉಸಿರು ಒಮ್ಮೆಲೇ ನಿಂತು, ಕೆಲವು ಕ್ಷಣಗಳ ಮೌನದ ಬಳಿಕ ಏದುಸಿರಿನೊಡನೆ ಮತ್ತೆ ಆರಂಭವಾಗುತ್ತಿದ್ದರೆ ಅದು ರೋಗದ ಚಿಹ್ನೆಯಾಗಿರಬಹುದು. ಇದನ್ನು ನಿದ್ರಾ ಶ್ವಾಸಸ್ತಂಭನ ಅಥವಾ ಸ್ಲೀಪ್ ಆಪ್ನಿಯ ಎಂದು ಕರೆಯುತ್ತಾರೆ. ಇದರ ಚಿಕಿತ್ಸೆಗೆ ಸಿಪ್ಯಾಪ್ ಎಂಬ ಯಂತ್ರವು ಇಂದು ಮುಖ್ಯ ಸಾಧನವಾಗಿದೆ. ಆದರೆ ಯಂತ್ರವನ್ನು ಮನೆಗೆ ತಂದವರಲ್ಲಿ ಅನೇಕರು ಕೆಲವೇ ವಾರಗಳಲ್ಲಿ ಅದನ್ನು ಕಪಾಟಿಗೆ ಸೇರಿಸುತ್ತಾರೆ. ಇನ್ನು ಕೆಲವರು ರಾತ್ರಿಯ ಅರ್ಧದಲ್ಲಿಯೇ ಮಾಸ್ಕನ್ನು ಕಿತ್ತಿಡುತ್ತಾರೆ. ಅಂತಹವರಿಗೂ ಅವರ ಮನೆಯವರಿಗೂ ಉಪಯುಕ್ತವಾದ ಮಾಹಿತಿಯನ್ನು ಇಲ್ಲಿ ನೀಡಲಾಗಿದೆ.

ರೋಗವೇನು, ಯಂತ್ರವೇನು?

ನಿದ್ರೆಯಲ್ಲಿ ಗಂಟಲಿನ ಸ್ನಾಯುಗಳು ಸಡಿಲಗೊಳ್ಳುತ್ತವೆ. ಕೆಲವರಲ್ಲಿ ನಾಲಗೆಯ ಬುಡ ಮತ್ತು ಕಿರುನಾಲಗೆಯ ಸುತ್ತಲಿನ ಭಾಗಗಳು ಒಳಗೆ ಕುಸಿದು ಉಸಿರಿನ ದಾರಿಯನ್ನು ಮುಚ್ಚಿಬಿಡುತ್ತವೆ. ಉಸಿರು ಹತ್ತು ಸೆಕೆಂಡು ಅಥವಾ ಅದಕ್ಕಿಂತ ಹೆಚ್ಚು ಕಾಲ ನಿಂತರೆ ಅದನ್ನು ಒಂದು ಸ್ತಂಭನವೆಂದು ಎಣಿಸಲಾಗುತ್ತದೆ. ಉಸಿರು ಪೂರ್ಣವಾಗಿ ನಿಲ್ಲುವುದು ಮತ್ತು ಭಾಗಶಃ ಕ್ಷೀಣಿಸುವುದು ಎರಡೂ ಸೇರಿ ಗಂಟೆಗೆ 5ರಿಂದ 15ರವರೆಗೆ ಇದ್ದರೆ ರೋಗವು ಸೌಮ್ಯ, 15ರಿಂದ 30ರವರೆಗೆ ಮಧ್ಯಮ, 30ನ್ನು ಮೀರಿದರೆ ತೀವ್ರ ಎಂದು ವೈದ್ಯರು ವಿಂಗಡಿಸುತ್ತಾರೆ. ಪ್ರತಿ ಬಾರಿಯೂ ರಕ್ತದಲ್ಲಿ ಆಮ್ಲಜನಕ ಇಳಿಯಬಹುದು. ರೋಗಿಗೆ ಅರಿವಿಲ್ಲದಂತೆ ಮಿದುಳು ಎಚ್ಚೆತ್ತು ಉಸಿರನ್ನು ಮತ್ತೆ ಆರಂಭಿಸುತ್ತದೆ. ಹೀಗೆ ನಿದ್ರೆಯು ತುಂಡುತುಂಡಾಗುವುದರಿಂದ ಹಗಲಿನಲ್ಲಿ ತೂಕಡಿಕೆ, ಬೆಳಗಿನ ತಲೆನೋವು, ಮರೆವು ಕಾಣಿಸಿಕೊಳ್ಳುತ್ತವೆ. ಅಧಿಕ ರಕ್ತದೊತ್ತಡಕ್ಕೂ ಈ ರೋಗಕ್ಕೂ ನಿಕಟ ಸಂಬಂಧವಿದೆ.

ಆಸ್ಟ್ರೇಲಿಯದ ಸಿಡ್ನಿ ನಗರದ ವೈದ್ಯ ಕಾಲಿನ್ ಸಲಿವನ್ ಅವರು ಮೂಗಿನ ಮೂಲಕ ನಿರಂತರವಾಗಿ ಒತ್ತಡದ ಗಾಳಿಯನ್ನು ನೀಡಿ ಉಸಿರಿನ ದಾರಿಯನ್ನು ತೆರೆದಿಡುವ ವಿಧಾನವನ್ನು ರೂಪಿಸಿ, 1981ರಲ್ಲಿ ಪ್ರಕಟಿಸಿದರು. ಅದಕ್ಕೆ ಮೊದಲು ತೀವ್ರ ರೋಗಿಗಳ ಗಂಟಲಿನಲ್ಲಿ ಶಸ್ತ್ರಕ್ರಿಯೆಯಿಂದ ರಂಧ್ರ ಮಾಡುವುದೇ ಖಚಿತವಾದ ಉಪಾಯವಾಗಿತ್ತು. ಸಿಪ್ಯಾಪ್ ಯಂತ್ರವು ಆಮ್ಲಜನಕವನ್ನು ತಯಾರಿಸುವುದಿಲ್ಲ. ಕೋಣೆಯ ಗಾಳಿಯನ್ನೇ ಸೋಸಿ, ಕೊಳವೆ ಮತ್ತು ಮಾಸ್ಕಿನ ಮೂಲಕ ಒತ್ತಡದಿಂದ ಕಳುಹಿಸುತ್ತದೆ. ಈ ಗಾಳಿಯೇ ಗಂಟಲಿನ ದಾರಿಗೆ ಒಳಗಿನಿಂದ ಆಸರೆಯಾಗಿ ನಿಲ್ಲುತ್ತದೆ. ಯಂತ್ರವನ್ನು ನಿಲ್ಲಿಸಿದರೆ ಆಸರೆಯೂ ಇಲ್ಲವಾಗುತ್ತದೆ. ಗೊರಕೆ ಮತ್ತು ಸ್ತಂಭನಗಳು ಬೇಗನೆ ಮರಳುತ್ತವೆ. ಇದು ಕನ್ನಡಕದಂತೆ: ಧರಿಸಿದಷ್ಟು ಹೊತ್ತು ಮಾತ್ರ ಪ್ರಯೋಜನ.

ರಾತ್ರಿಯ ಉತ್ತರಾರ್ಧದ ಮಹತ್ವ

‘ನಾಲ್ಕು ಗಂಟೆ ಹಾಕಿಕೊಂಡೆ, ಸಾಕು’ ಎಂಬ ಭಾವನೆ ಸಾಮಾನ್ಯವಾಗಿದೆ. ನಿದ್ರೆಯಲ್ಲಿ ಕನಸು ಬೀಳುವ ಹಂತವೊಂದಿದೆ. ಆಗ ದೇಹದ ಸ್ನಾಯುಗಳು ಅತ್ಯಂತ ಸಡಿಲವಾಗಿರುತ್ತವೆ. ಆದುದರಿಂದ ಅನೇಕರಲ್ಲಿ ಸ್ತಂಭನಗಳು ಹೆಚ್ಚು ದೀರ್ಘವಾಗಿಯೂ ಆಮ್ಲಜನಕದ ಇಳಿತ ಹೆಚ್ಚು ತೀವ್ರವಾಗಿಯೂ ಇರುವುದು ಇದೇ ಹಂತದಲ್ಲಿ. ಈ ಹಂತದ ಹೆಚ್ಚಿನ ಭಾಗ ಬರುವುದು ಬೆಳಗಿನ ಜಾವದ ಕಡೆಗೆ. ರಾತ್ರಿ ಹನ್ನೊಂದಕ್ಕೆ ಮಾಸ್ಕ್ ಧರಿಸಿ ಮೂರಕ್ಕೆ ತೆಗೆದಿಡುವವರು, ಚಿಕಿತ್ಸೆ ಅತ್ಯಂತ ಅಗತ್ಯವಾದ ಹೊತ್ತಿನಲ್ಲಿಯೇ ಅದನ್ನು ಬಿಟ್ಟುಕೊಟ್ಟಂತಾಗುತ್ತದೆ.

ಹೃದಯ ಅಥವಾ ಮಿದುಳಿನ ರಕ್ತನಾಳಗಳ ಕಾಯಿಲೆಯಿದ್ದ 2,717 ಮಂದಿಯನ್ನು ಕುರಿತು ಭಾರತವೂ ಸೇರಿದಂತೆ ಹಲವು ದೇಶಗಳಲ್ಲಿ ನಡೆದ ಅಧ್ಯಯನವೊಂದು 2016ರಲ್ಲಿ ಪ್ರಕಟವಾಯಿತು. ಅದರಲ್ಲಿ ಯಂತ್ರ ಬಳಸಿದವರಿಗೆ ತೂಕಡಿಕೆ ಕಡಿಮೆಯಾಯಿತು, ಲವಲವಿಕೆ ಹೆಚ್ಚಿತು. ಆದರೆ ಹೃದಯಾಘಾತ, ಪಾರ್ಶ್ವವಾಯುಗಳು ಕಡಿಮೆಯಾಗಲಿಲ್ಲ. ಅವರ ಸರಾಸರಿ ಬಳಕೆ ರಾತ್ರಿಗೆ ಕೇವಲ 3.3 ಗಂಟೆಯಾಗಿತ್ತು. ಬಳಕೆಯ ಅವಧಿ ಸಾಲದೇ ಹೋದುದು ಇದಕ್ಕೆ ಒಂದು ಕಾರಣವಿರಬಹುದೆಂದು ತಜ್ಞರು ಚರ್ಚಿಸಿದ್ದಾರೆ.

ಮೆಹದಿಪಟ್ಟಣಂ: ಒಂದು ಉದಾಹರಣೆ

ಹೈದರಾಬಾದಿನ ಮೆಹದಿಪಟ್ಟಣಂ ಹಗಲಿರುಳೂ ವಾಹನಗಳ ಸದ್ದಿರುವ ಬಡಾವಣೆ. 2009ರಲ್ಲಿ ಸಂಚಾರಕ್ಕೆ ತೆರೆದ, ಸುಮಾರು 11.6 ಕಿ.ಮೀ. ಉದ್ದದ ಪಿ.ವಿ. ನರಸಿಂಹರಾವ್ ಎಕ್ಸ್‌ಪ್ರೆಸ್ ಮಾರ್ಗವು ಇಲ್ಲಿಂದಲೇ ಆರಂಭವಾಗಿ ಶಂಷಾಬಾದ್ ವಿಮಾನ ನಿಲ್ದಾಣದ ದಿಕ್ಕಿನಲ್ಲಿ ಆರಾಮ್‌ಘರ್‌ವರೆಗೆ ಸಾಗುತ್ತದೆ. ಇಲ್ಲಿ ವಾಸಿಸುವ ಟ್ಯಾಕ್ಸಿ ಚಾಲಕರೊಬ್ಬರು ನಸುಕಿನಲ್ಲಿ ಪ್ರಯಾಣಿಕರನ್ನು ಕರೆದೊಯ್ಯಬೇಕಾಗಿದೆ ಎಂದು ಭಾವಿಸೋಣ. ಸಿಗ್ನಲ್‌ಗಳಿಲ್ಲದ ಮೇಲ್ಸೇತುವೆಯ ಮೇಲೆ ತೂಕಡಿಕೆ ಬರಲು ಎರಡು ಸೆಕೆಂಡು ಸಾಕು. ಗಂಟೆಗೆ 72 ಕಿ.ಮೀ. ವೇಗದಲ್ಲಿ ಆ ಎರಡು ಸೆಕೆಂಡುಗಳಲ್ಲಿ ವಾಹನವು 40 ಮೀಟರ್ ಕ್ರಮಿಸಿರುತ್ತದೆ. ಚಿಕಿತ್ಸೆ ಪಡೆಯದ ಶ್ವಾಸಸ್ತಂಭನವು ರೋಗಿಯೊಬ್ಬನಿಗೆ ಮಾತ್ರವಲ್ಲ, ರಸ್ತೆಯಲ್ಲಿರುವ ಇತರರಿಗೂ ಅಪಾಯಕಾರಿ. ತೂಕಡಿಕೆ ಇರುವವರೆಗೆ ವಾಹನ ಚಲಾಯಿಸಬಾರದು.

ಮೊದಲ ವಾರಗಳ ಅಭ್ಯಾಸ

ಯಂತ್ರಕ್ಕೆ ಹೊಂದಿಕೊಳ್ಳುವುದನ್ನು ಹಗಲಿನಲ್ಲಿ ಆರಂಭಿಸುವುದು ಲೇಸು. ಮೊದಲು ಕೊಳವೆಯಿಲ್ಲದೆ ಮಾಸ್ಕನ್ನು ಮಾತ್ರ ಮುಖಕ್ಕೆ ಹಿಡಿದು ಕೆಲವು ನಿಮಿಷ ಕುಳಿತಿರಬೇಕು. ಅದು ಹಿತವೆನಿಸಿದ ಮೇಲೆ ಯಂತ್ರವನ್ನು ಚಾಲೂ ಮಾಡಿ, ಪತ್ರಿಕೆ ಓದುತ್ತಲೋ ದೂರದರ್ಶನ ನೋಡುತ್ತಲೋ ಅರ್ಧ ಗಂಟೆ ಧರಿಸಿರಬಹುದು. ಉಸಿರುಕಟ್ಟಿದಂತಾಗುವ ಭಯ ಈ ಅಭ್ಯಾಸದಿಂದ ಕ್ರಮೇಣ ಕಡಿಮೆಯಾಗುತ್ತದೆ. ಬಹುತೇಕ ಯಂತ್ರಗಳಲ್ಲಿ ಕಡಿಮೆ ಒತ್ತಡದಿಂದ ಆರಂಭಿಸಿ ನಿಧಾನವಾಗಿ ಏರಿಸುವ ಸೌಲಭ್ಯವಿದೆ. ನಿದ್ರೆ ಹತ್ತುವವರೆಗೆ ಅದು ನೆರವಾಗುತ್ತದೆ. ಆದರೆ ವೈದ್ಯರು ನಿಗದಿಪಡಿಸಿದ ಒತ್ತಡವನ್ನು ಸ್ವತಃ ಬದಲಾಯಿಸಬಾರದು.

ಮಾಸ್ಕಿನ ಅಳತೆಯನ್ನು ಕುಳಿತು ನೋಡಿದರೆ ಸಾಲದು. ಹಾಸಿಗೆಯಲ್ಲಿ ಮಲಗಿ, ಗಾಳಿ ಬರುತ್ತಿರುವಾಗ ಪಟ್ಟಿಗಳನ್ನು ಸರಿಪಡಿಸಬೇಕು. ಪಟ್ಟಿಯನ್ನು ಅತಿಯಾಗಿ ಬಿಗಿದರೆ ಮೂಗಿನ ಮೇಲೆ ಗಾಯವಾಗುತ್ತದೆ, ಸೋರಿಕೆಯೂ ಹೆಚ್ಚಬಹುದು. ಗಡ್ಡವುಳ್ಳವರಲ್ಲಿ ಮೂಗು ಬಾಯಿ ಎರಡನ್ನೂ ಮುಚ್ಚುವ ಮಾಸ್ಕ್ ಅಂಚಿನಲ್ಲಿ ಸೋರುವುದುಂಟು. ಅವರು ಮೂಗಿನ ಹೊಳ್ಳೆಗಳಿಗೆ ಮಾತ್ರ ಹೊಂದುವ ಮಾಸ್ಕ್ ತಮಗೆ ಆಗುವುದೇ ಎಂದು ವೈದ್ಯರಲ್ಲಿ ವಿಚಾರಿಸಬಹುದು.

ನಡುರಾತ್ರಿ ಎಚ್ಚರವಾಗುವುದಕ್ಕೆ ಕಾರಣಗಳು

ಬಾಯಿ ಒಣಗುವುದು: ನಿದ್ರೆಯಲ್ಲಿ ಬಾಯಿ ತೆರೆದು ಗಾಳಿ ಹೊರಹೋಗುತ್ತಿರಬಹುದು. ಗಾಳಿಗೆ ತೇವ ನೀಡುವ ನೀರಿನ ಪೆಟ್ಟಿಗೆಯನ್ನು ಬಳಸುವುದು, ಗಲ್ಲದ ಪಟ್ಟಿ ಧರಿಸುವುದು ಅಥವಾ ಬಾಯಿಯನ್ನೂ ಮುಚ್ಚುವ ಮಾಸ್ಕಿಗೆ ಬದಲಾಗುವುದು ಪರಿಹಾರಗಳು.

ಮೂಗು ಕಟ್ಟುವುದು: ತೇವಾಂಶ ಹೆಚ್ಚಿಸಬೇಕು. ಹಾಗೂ ಮುಂದುವರಿದರೆ ಮೂಗಿನ ಔಷಧಿಗಾಗಿ ವೈದ್ಯರನ್ನು ಕಾಣಬೇಕು.

ಕೊಳವೆಯಲ್ಲಿ ನೀರು ನಿಲ್ಲುವುದು: ಹವಾನಿಯಂತ್ರಿತ ಕೋಣೆಯಲ್ಲಿ ತೇವದ ಗಾಳಿ ತಂಪಾಗಿ ಹನಿಗಟ್ಟುತ್ತದೆ. ಯಂತ್ರವನ್ನು ತಲೆಯ ಮಟ್ಟಕ್ಕಿಂತ ಕೆಳಗಿಡಬೇಕು, ಕೊಳವೆಗೆ ಬಟ್ಟೆ ಸುತ್ತಬೇಕು ಅಥವಾ ತೇವಾಂಶವನ್ನು ತುಸು ತಗ್ಗಿಸಬೇಕು.

ಹೊಟ್ಟೆ ಉಬ್ಬರ: ಗಾಳಿ ಹೊಟ್ಟೆಗೆ ಹೋಗುತ್ತಿರುವುದರ ಲಕ್ಷಣ. ಪಕ್ಕಕ್ಕೆ ಹೊರಳಿ ಮಲಗಿ ನೋಡಬಹುದು. ಒತ್ತಡದ ಬಗ್ಗೆ ವೈದ್ಯರಲ್ಲಿ ಚರ್ಚಿಸಬೇಕು.

ಅರಿವಿಲ್ಲದೆ ಮಾಸ್ಕ್ ಕಿತ್ತಿಡುವುದು: ಮೊದಲ ವಾರಗಳಲ್ಲಿ ಇದು ಸಾಮಾನ್ಯ, ಇದನ್ನು ಸೋಲೆಂದು ತಿಳಿಯಬೇಕಾಗಿಲ್ಲ. ಗಮನಕ್ಕೆ ಬಂದ ಕೂಡಲೇ ಮತ್ತೆ ಧರಿಸಬೇಕು. ಸೋರಿಕೆ, ಬಳಸಿದ ಗಂಟೆಗಳು ಮತ್ತು ಉಳಿದ ಸ್ತಂಭನಗಳ ಲೆಕ್ಕ ಅನೇಕ ಯಂತ್ರಗಳಲ್ಲಿ ದಾಖಲಾಗಿರುತ್ತದೆ. ಅದನ್ನು ವೈದ್ಯರಿಗೆ ತೋರಿಸಿದರೆ ಕಾರಣ ತಿಳಿಯುತ್ತದೆ.

ಎಚ್ಚರವಾದಾಗ ಏನು ಮಾಡಬೇಕು?

ಮೂತ್ರ ವಿಸರ್ಜನೆಗೆ ಏಳುವಾಗ ಮಾಸ್ಕನ್ನು ಕಳಚದೆ ಕೊಳವೆಯನ್ನು ಮಾತ್ರ ಬೇರ್ಪಡಿಸುವ ಅನುಕೂಲ ಅನೇಕ ಮಾಸ್ಕುಗಳಲ್ಲಿದೆ. ಪದೇ ಪದೇ ಏಳುವ ಈ ತೊಂದರೆ ಹಲವರಲ್ಲಿ ಶ್ವಾಸಸ್ತಂಭನದ ಫಲವೇ ಆಗಿದ್ದು, ಚಿಕಿತ್ಸೆ ಮುಂದುವರಿದಂತೆ ಕಡಿಮೆಯಾಗುತ್ತದೆ. ಮರಳಿ ಮಲಗುವಾಗ ಯಂತ್ರವನ್ನು ಕಡಿಮೆ ಒತ್ತಡದಿಂದ ಹೊಸದಾಗಿ ಆರಂಭಿಸಬೇಕು. ಗಡಿಯಾರ ನೋಡುತ್ತ ಹಾಸಿಗೆಯಲ್ಲಿ ಹೊರಳಾಡುವುದರಿಂದ ಪ್ರಯೋಜನವಿಲ್ಲ. ಸುಮಾರು 20 ನಿಮಿಷದವರೆಗೂ ನಿದ್ರೆ ಬಾರದಿದ್ದರೆ ಎದ್ದು, ಮಂದ ಬೆಳಕಿನಲ್ಲಿ ಕುಳಿತಿದ್ದು, ಜೋಂಪು ಹತ್ತಿದಾಗ ಮತ್ತೆ ಮಾಸ್ಕ್ ಧರಿಸಿ ಮಲಗಬೇಕು.

ಸಂಜೆಯ ನಂತರದ ಇರಾನಿ ಚಹಾ, ಕಾಫಿಗಳು ನಿದ್ರೆಯನ್ನು ಕೆಡಿಸುತ್ತವೆ. ಮದ್ಯವು ಗಂಟಲಿನ ಸ್ನಾಯುಗಳನ್ನು ಇನ್ನಷ್ಟು ಸಡಿಲಗೊಳಿಸುತ್ತದೆ. ವೈದ್ಯರ ಸಲಹೆಯಿಲ್ಲದೆ ನಿದ್ರೆ ಮಾತ್ರೆ ಸೇವಿಸಬಾರದು. ರಂಜಾನ್ ಮಾಸದಲ್ಲಿ ಸಹರಿಗೆ ಎದ್ದು ಮತ್ತೆ ಮಲಗುವವರು ಆ ನಿದ್ರೆಗೂ ಮಾಸ್ಕ್ ಧರಿಸುವುದನ್ನು ಮರೆಯಬಾರದು. ಮಧ್ಯಾಹ್ನದ ನಿದ್ರೆಗೂ ಇದೇ ನಿಯಮ.

ಶುಚಿತ್ವ ಮತ್ತು ವಿದ್ಯುತ್ತು

ಮಾಸ್ಕಿನ ಮುಖಕ್ಕೆ ತಾಗುವ ಭಾಗವನ್ನು ಪ್ರತಿದಿನ, ಕೊಳವೆ ಮತ್ತು ನೀರಿನ ಪೆಟ್ಟಿಗೆಯನ್ನು ವಾರಕ್ಕೊಮ್ಮೆ ಸೌಮ್ಯ ಸೋಪಿನ ನೀರಿನಿಂದ ತೊಳೆದು ನೆರಳಿನಲ್ಲಿ ಒಣಗಿಸಬೇಕು. ಪೆಟ್ಟಿಗೆಯ ನೀರನ್ನು ಪ್ರತಿದಿನ ಚೆಲ್ಲಿ ಬಟ್ಟಿ ಇಳಿಸಿದ ನೀರನ್ನು ತುಂಬಬೇಕು. ಕೊಳವೆ ಬಾವಿಯ ಗಡಸು ನೀರಿನಿಂದ ಉಪ್ಪು ಕಟ್ಟುತ್ತದೆ. ರಸ್ತೆಯ ಧೂಳು ಹೆಚ್ಚಿರುವ ಕಡೆ ಸೋಸುಪದರವನ್ನು ಆಗಾಗ್ಗೆ ಪರೀಕ್ಷಿಸಬೇಕು. ವಿದ್ಯುತ್ತು ನಿಂತಾಗ ಯಂತ್ರವೂ ನಿಲ್ಲುವುದರಿಂದ, ಇನ್ವರ್ಟರ್ ಇರುವ ಮನೆಯಲ್ಲಿ ಯಂತ್ರವನ್ನು ಅದಕ್ಕೆ ಜೋಡಿಸಬಹುದೇ ಎಂದು ತಿಳಿದುಕೊಳ್ಳಬೇಕು.

ಇನ್ನೊಬ್ಬರ ಯಂತ್ರವನ್ನು ವೈದ್ಯರಿಗೆ ತಿಳಿಸದೆ ಬಳಸಬಾರದು. ಒಬ್ಬರಿಗೆ ನಿಗದಿಯಾದ ಒತ್ತಡ ಮತ್ತೊಬ್ಬರಿಗೆ ಸರಿಹೊಂದುವುದಿಲ್ಲ. ಹಳೆಯ ಯಂತ್ರವನ್ನು ಕೊಳ್ಳುವವರು ಇನ್ನೊಂದು ವಿಷಯವನ್ನು ಗಮನಿಸಬೇಕು: 2021ರ ಜೂನ್‌ನಲ್ಲಿ ಫಿಲಿಪ್ಸ್ ಸಂಸ್ಥೆಯು, ಸದ್ದು ತಗ್ಗಿಸಲು ಒಳಗಿಟ್ಟಿದ್ದ ಸ್ಪಂಜು ಶಿಥಿಲವಾಗಬಹುದೆಂಬ ಕಾರಣಕ್ಕೆ ತನ್ನ ಕೆಲವು ಮಾದರಿಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಅಂತಹ ಮಾದರಿಯೇ ಎಂಬುದನ್ನು ಖಚಿತಪಡಿಸಿಕೊಳ್ಳದೆ ಕೊಳ್ಳಬಾರದು.

ವೈದ್ಯರನ್ನು ಯಾವಾಗ ಕಾಣಬೇಕು?

ಯಂತ್ರವನ್ನು ರಾತ್ರಿಯಿಡೀ ಬಳಸಿಯೂ ತೂಕಡಿಕೆ ಹೋಗದಿದ್ದರೆ, ಮೂಗಿನಲ್ಲಿ ರಕ್ತ ಬಂದರೆ, ಕಿವಿ ನೋವಿದ್ದರೆ ಅಥವಾ ನಿದ್ರಾಹೀನತೆ ಮುಂದುವರಿದರೆ ತಡಮಾಡಬಾರದು. ಮೆಹದಿಪಟ್ಟಣಂನಿಂದ ದೂರವಲ್ಲದ ಪಂಜಗುಟ್ಟದ ನಿಜಾಮ್ಸ್ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಂತಹ ದೊಡ್ಡ ಆಸ್ಪತ್ರೆಗಳಲ್ಲಿ ಶ್ವಾಸಕೋಶ ತಜ್ಞರ ಸಲಹೆ ಪಡೆಯಬಹುದು. ಬೀದರ್, ಕಲಬುರಗಿಗಳಿಂದ ಚಿಕಿತ್ಸೆಗಾಗಿ ಹೈದರಾಬಾದಿಗೆ ಬರುವವರು ಯಂತ್ರವನ್ನೂ ಮಾಸ್ಕನ್ನೂ ಜೊತೆಯಲ್ಲಿಯೇ ತರುವುದು ಒಳ್ಳೆಯದು.

ಮನೆಯವರ ಸಹಕಾರವೂ ಈ ಚಿಕಿತ್ಸೆಯ ಒಂದು ಭಾಗ. ರೋಗಿಯ ಉಸಿರು ನಿಲ್ಲುವುದನ್ನು ಮೊದಲು ಕಂಡವರು ಅವರೇ; ಮಾಸ್ಕ್ ಜಾರಿರುವುದನ್ನು ಕಂಡು ಮೆಲ್ಲನೆ ಎಚ್ಚರಿಸಬಲ್ಲವರೂ ಅವರೇ. ಮೊದಲ ದಿನಗಳ ಕಿರಿಕಿರಿಗಳಲ್ಲಿ ಹೆಚ್ಚಿನವಕ್ಕೆ ಪರಿಹಾರವಿದೆ. ಆ ಪರಿಹಾರವನ್ನು ಕೇಳಿ ಪಡೆಯುವ ಮೊದಲೇ ಯಂತ್ರವನ್ನು ಬದಿಗಿಡಬಾರದು. ಧರಿಸಿದ ಮಾಸ್ಕನ್ನು ಬೆಳಗಿನ ಜಾವದವರೆಗೂ ಉಳಿಸಿಕೊಳ್ಳುವುದೇ ಈ ಚಿಕಿತ್ಸೆಯ ಯಶಸ್ಸಿಗೆ ಆಧಾರ.