ಅಚ್ಚು ಇನ್ನೂ ಕಾರ್ಖಾನೆಯಲ್ಲೇ ಇದೆ

ಪುಟ್ಟ ಪ್ಲಾಸ್ಟಿಕ್ ಸೈನಿಕರನ್ನು ಅಂಟಿಸಿ, ಬಣ್ಣ ಬಳಿದು, ಮೇಜಿನ ಮೇಲೆ ಯುದ್ಧ ಹೂಡುವ ಹವ್ಯಾಸ ನನ್ನದು. ನಾನಿರುವ ಇಂಗ್ಲೆಂಡಿನಲ್ಲಿ ಇದಕ್ಕೆ ದೊಡ್ಡ ಬಳಗವಿದೆ. ಹೊಸ ಪೆಟ್ಟಿಗೆ ಬರುವ ದಿನ ಬುಕಿಂಗ್ ತೆರೆದ ಕೂಡಲೇ ಕಾರ್ಟಿಗೆ ಹಾಕುತ್ತೇವೆ. ಕಾರ್ಡ್ ನಂಬರ್ ಒತ್ತುವಷ್ಟರಲ್ಲಿ ಸ್ಟಾಕ್ ಖಾಲಿ. ಅದೇ ಮಧ್ಯಾಹ್ನ ಅದೇ ಪೆಟ್ಟಿಗೆ ದುಪ್ಪಟ್ಟು ಬೆಲೆಗೆ ಮಾರಾಟಕ್ಕಿರುತ್ತದೆ. ಮಾರುವವನ ಕೈಗೂ ಅದಿನ್ನೂ ಬಂದಿರುವುದಿಲ್ಲ! ಬಡಾವಣೆಯ ಆಟದ ಅಂಗಡಿಗೆ ಸಿಗುವುದು ಬೆರಳೆಣಿಕೆಯಷ್ಟು. ಪಾಕೆಟ್ ಮನಿ ಕೂಡಿಟ್ಟುಕೊಂಡು ಬಂದ ಹುಡುಗರು ಬರಿಗೈಲಿ ಹೋಗುವುದನ್ನು ನೋಡಿದರೆ ನನಗೆ ನಿಜಕ್ಕೂ ಹೊಟ್ಟೆ ಉರಿಯುತ್ತದೆ.

ಈ ಸಂಕಟದಲ್ಲೇ ದುಡ್ಡು ಕೈಬಿಡುವುದು. ಈಗ ಬಿಟ್ಟರೆ ಇನ್ನೆಂದೂ ಸಿಗದು ಅನ್ನಿಸಿಬಿಡುತ್ತದೆ. ಅದು ನಿಜವೇ ಎಂದು ಮೊದಲು ನೋಡಬೇಕು. ಈ ಉದ್ಯಮದಲ್ಲಿ ದೊಡ್ಡ ಖರ್ಚು ಉಕ್ಕಿನ ಅಚ್ಚಿನದು. ಅಚ್ಚು ಕೊರೆದಾದ ಮೇಲೆ ಇನ್ನೊಂದು ಬೊಂಬೆ ತೆಗೆಯಲು ತಗಲುವುದು ಅಲ್ಪ. ಕೊರತೆ ಇರುವುದು ಯಂತ್ರದ ಸಮಯಕ್ಕೆ. ಮುಂದಿನ ತಿಂಗಳ ಸರಕೂ ಅದೇ ಯಂತ್ರಗಳಿಂದ ಹೊರಬರಬೇಕು. ಗೋದಾಮಿನಲ್ಲಿ ಮಾಲು ಕೊಳೆಯುವುದಕ್ಕಿಂತ ಕಡಿಮೆ ಮಾಡುವುದೇ ತಯಾರಕರಿಗೆ ಕ್ಷೇಮ. ಬೇಡಿಕೆ ಉಳಿದಿದ್ದರೆ ಅಚ್ಚು ಮತ್ತೆ ಯಂತ್ರಕ್ಕೆ ಏರಬಹುದು. ದುಪ್ಪಟ್ಟು ಕೊಡುವವರು ಅದು ಏರುವುದೇ ಇಲ್ಲವೆಂದು ಬಾಜಿ ಕಟ್ಟುತ್ತಿದ್ದಾರೆ.

ನಾಟಿಂಗ್‌ಹ್ಯಾಮ್‌ನ ಗೇಮ್ಸ್ ವರ್ಕ್‌ಶಾಪ್ 2020ರ ಜುಲೈಯಲ್ಲಿ ‘ಇಂಡೊಮಿಟಸ್’ ಎಂಬ ಪೆಟ್ಟಿಗೆ ತಂದಿತು. 61 ಬೊಂಬೆ, 125 ಪೌಂಡ್. ನಿಮಿಷಗಳಲ್ಲಿ ಮುಗಿಯಿತು. ಜನ ಕೂಗೆಬ್ಬಿಸಿದ ಮೇಲೆ ಕೆಲವೇ ದಿನಗಳಲ್ಲಿ, ಕೇಳಿದವರಿಗೆಲ್ಲ ಮಾಡಿಕೊಡುತ್ತೇವೆಂದು ಕಂಪನಿ ಆರ್ಡರ್ ತೆಗೆದುಕೊಂಡಿತು. 2021ರಲ್ಲಿ ಮಾಯವಾದ ಅದೇ ಕಂಪನಿಯ ‘ಕರ್ಸ್ಡ್ ಸಿಟಿ’ ಪೆಟ್ಟಿಗೆಯೂ ಮರುವರ್ಷ ಮರಳಿತು. ಲಾಭಕ್ಕೆಂದು ಪೆಟ್ಟಿಗೆಗಳನ್ನು ಪೇರಿಸಿಟ್ಟುಕೊಳ್ಳುವವರು ಇವೆರಡನ್ನೂ ನೆನಪಿಡಬೇಕು.

‘ಮ್ಯಾಜಿಕ್: ದ ಗ್ಯಾದರಿಂಗ್’ ಕಾರ್ಡುಗಳ ಮಾತು ಬೇರೆ. ಹಳೆಯ ಕೆಲವನ್ನು ಇನ್ನು ಮುದ್ರಿಸುವುದಿಲ್ಲವೆಂದು ಅವುಗಳ ತಯಾರಕ ವಿಝಾರ್ಡ್ಸ್ ಆಫ್ ದ ಕೋಸ್ಟ್ 1996ರಲ್ಲಿ ಪಟ್ಟಿಯನ್ನೇ ಪ್ರಕಟಿಸಿತು. ‘ಬ್ಲ್ಯಾಕ್ ಲೋಟಸ್’ ಆ ಪಟ್ಟಿಯಲ್ಲಿದೆ, ಅದಕ್ಕೇ ಅದರ ಬೆಲೆ ನಿಂತಿದೆ. ಅಂಥ ವಾಗ್ದಾನವಿಲ್ಲದ ಪ್ಲಾಸ್ಟಿಕ್ಕಿಗೆ ಚಿನ್ನದ ಲೆಕ್ಕ ಹಾಕಬಾರದು.

ನಾನು ತಿಂಗಳಿಗಿಷ್ಟು ಎಂದು ಹವ್ಯಾಸದ ಹಣವನ್ನು ಬೇರೆ ಖಾತೆಗೆ ಹಾಕುತ್ತೇನೆ. ಪೆಟ್ಟಿಗೆ ತಪ್ಪಿದರೆ ಹಣ ಅಲ್ಲೇ ಬೆಳೆಯುತ್ತದೆ, ಮುದ್ರಿತ ಬೆಲೆಗಿಂತ ಒಂದು ಪೌಂಡ್ ಹೆಚ್ಚು ಕೊಡುವುದಿಲ್ಲ. ಇಂಥ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ ಎರಡು ಸೇನೆ ಇರುತ್ತವೆ, ನನಗೆ ಬೇಕಾದದ್ದು ಒಂದು. ಕ್ಲಬ್ಬಿನ ಗೆಳೆಯನೂ ನಾನೂ ಅರ್ಧರ್ಧ ಹಾಕಿ ಹಂಚಿಕೊಳ್ಳುತ್ತೇವೆ. ಇಬ್ಬರಿಗೆ ಒಂದೇ ಸಾಕಾದರೆ ಸಾಲಿನಲ್ಲಿ ಇನ್ನೊಬ್ಬರಿಗೂ ಜಾಗ ಸಿಕ್ಕಂತೆ.

ಆದರೆ ಪೂರ್ತಿ ಹೊಣೆಯನ್ನು ಕೊಳ್ಳುವವರ ತಲೆಗೇ ಕಟ್ಟುವುದು ನ್ಯಾಯವಲ್ಲ. ಅಮೆರಿಕದ ಜಿಎಂಟಿ ಗೇಮ್ಸ್ ‘ಪಿ500’ ಎಂಬ ಪದ್ಧತಿ ನಡೆಸುತ್ತಿದೆ. ಸಾಕಷ್ಟು ಮಂದಿ ಹೆಸರು ಬರೆಸಿದ ಮೇಲೆ ಆಟ ಮುದ್ರಣಕ್ಕೆ ಹೋಗುತ್ತದೆ, ಕಳಿಸುವ ಹೊತ್ತು ಹತ್ತಿರ ಬಂದಾಗ ಕಾರ್ಡಿನಿಂದ ಹಣ ಕಡಿತವಾಗುತ್ತದೆ. ಬೊಂಬೆ ತಯಾರಕರೂ ಪ್ರತಿ ದೊಡ್ಡ ಪೆಟ್ಟಿಗೆಗೆ ಹೀಗೆ ಎರಡು ವಾರ ಆರ್ಡರ್ ತೆರೆದಿಟ್ಟು, ಬಡಾವಣೆಯ ಅಂಗಡಿಗಳ ಮೂಲಕವೂ ಹೆಸರು ಬರೆಸಿಕೊಳ್ಳಲಿ. ಕೈಗೆ ಬರಲು ಆರು ತಿಂಗಳಾದರೂ ನಾನು ಬರೆಸುತ್ತೇನೆ.