ಹಳೆಯ ಗಣಕಯಂತ್ರಕ್ಕೆ ಹಗುರವಾದ ವ್ಯವಸ್ಥೆ



ಹಾಸಿಗೆಯಿದ್ದಷ್ಟು ಕಾಲು ಚಾಚಬೇಕೆಂಬ ಗಾದೆಯು ಗಣಕಯಂತ್ರಕ್ಕೂ ಸಲ್ಲುವುದೆಂಬುದನ್ನು ನಾವು ಕಳೆದ ವರ್ಷ ಕಂಡುಕೊಂಡೆವು.

ನಮ್ಮ ವಿದ್ಯಾರ್ಥಿಯೊಬ್ಬನ ತಂದೆಯವರು ರಿಚ್ಚಿ ಬೀದಿಯಿಂದ ಹಳೆಯ ಗಣಕವೊಂದನ್ನು ಕೊಂಡು ತಂದಿದ್ದರು. ಅದರ ರ್ಯಾಮ್, ಎಂದರೆ ಕೆಲಸದ ವೇಳೆಯ ಸ್ಮೃತಿ, 1 ಗಿಗಾಬೈಟ್. ಪ್ರೊಸೆಸರು 32 ಬಿಟ್ಟಿನದು. ಒಳಗಿದ್ದ ವಿಂಡೋಸ್ ಎಕ್ಸ್‌ಪಿಗೆ ತಯಾರಕರ ಬೆಂಬಲವು 2014ರ ಏಪ್ರಿಲ್ 8ರಂದೇ ಮುಗಿದಿತ್ತು. ವಿಂಡೋಸ್ 11 ಆದರೋ 4 ಗಿಗಾಬೈಟ್ ಸ್ಮೃತಿಯನ್ನೂ 64 ಬಿಟ್ಟಿನ ಪ್ರೊಸೆಸರನ್ನೂ ಬೇಡುತ್ತದೆ. ಯಂತ್ರವನ್ನು ಗುಜರಿಗೆ ಹಾಕುವುದೆಂದು ಮನೆಯಲ್ಲಿ ನಿಶ್ಚಯವಾಯಿತು. ಇನ್ನೊಂದನ್ನು ಕೊಳ್ಳುವ ಅನುಕೂಲ ಅವರಿಗಿರಲಿಲ್ಲ.

ಯಂತ್ರಕ್ಕೂ ನಾವು ನಡೆಸುವ ಕೆಲಸಕ್ಕೂ ನಡುವೆ ನಿಂತು ಎಲ್ಲವನ್ನೂ ನಿರ್ವಹಿಸುವುದೇ ಆಪರೇಟಿಂಗ್ ಸಿಸ್ಟಂ. ಅದೇ ಸ್ಮೃತಿಯನ್ನೆಲ್ಲ ನುಂಗಿದರೆ ಕೆಲಸಕ್ಕೆ ಉಳಿಯುವುದೇನು? ಆದುದರಿಂದ ಹಗುರವಾದುದನ್ನು ಅರಸಿದೆವು. 1991ರಲ್ಲಿ ಫಿನ್ಲೆಂಡಿನ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಲಿನಕ್ಸಿನಲ್ಲಿ ಇಂತಹ ಅನೇಕ ಬಗೆಗಳುಂಟು; ಬೆಲೆಯೂ ಇಲ್ಲ. ನಮ್ಮ ಚೆನ್ನೈಯ ಸಿ-ಡ್ಯಾಕ್ ಸಂಸ್ಥೆಯು 2007ರಲ್ಲಿ ಹೊರತಂದ ‘ಬಾಸ್’ ಕೂಡ ಲಿನಕ್ಸೇ. ಭಾರತೀಯ ಭಾಷೆಗಳಿಗಾಗಿ ಸಿದ್ಧವಾದ ಅದು ಉಪಯುಕ್ತವಾದುದು. ಆದರೆ ಇಷ್ಟು ಸಣ್ಣ ಯಂತ್ರಕ್ಕೆ ಭಾರ.

ಇಲ್ಲಿ ನಾವೊಂದು ತಪ್ಪು ಮಾಡಿದೆವು. ಎಲ್ಲಕ್ಕಿಂತ ಚಿಕ್ಕದೇ ಮೇಲೆಂದು ಭಾವಿಸಿ, ಸುಮಾರು 23 ಮೆಗಾಬೈಟಿನ ‘ಟೈನಿ ಕೋರ್’ ಅನ್ನು ಆರಿಸಿದೆವು. ಯಂತ್ರವೇನೋ ಕ್ಷಣದಲ್ಲಿ ಎದ್ದಿತು. ಆದರೆ ಕನ್ನಡ ಬರಹವನ್ನು ತೆರೆದಾಗ ಅಕ್ಷರಗಳಿಗೆ ಬದಲಾಗಿ ಬರಿಯ ಚೌಕಗಳು ಕಂಡವು! ಹುಡುಗನಿಗೆ ಬೇಕಾಗಿದ್ದುದು ಕನ್ನಡ ಪ್ರಬಂಧ ಬರೆಯಲು ಒಂದು ಸಾಧನ. ಅದಾಗದ ಮೇಲೆ ವೇಗದಿಂದೇನು ಫಲ?

ಅನಂತರ ಡೆಬಿಯನ್ ಆಧಾರದ ‘ಆಂಟಿಎಕ್ಸ್’ನ 32 ಬಿಟ್ಟಿನ ಆವೃತ್ತಿಯನ್ನು ಹಾಕಿದೆವು. ಡೆಬಿಯನ್ ಭಂಡಾರದಲ್ಲಿ ‘ಗುಬ್ಬಿ’, ‘ನವಿಲು’ ಎಂಬ ಕನ್ನಡ ಫಾಂಟುಗಳಿವೆ; ಅವನ್ನು ಸೇರಿಸಿದೊಡನೆ ಒತ್ತಕ್ಷರಗಳೆಲ್ಲ ಸರಿಯಾಗಿ ಮೂಡಿದವು. ಹುಡುಗನು ಪ್ರಬಂಧವನ್ನು ಅದರಲ್ಲಿಯೇ ಬರೆದು ಮುಗಿಸಿದನು. ಚಲನಚಿತ್ರಗಳೂ ಭಾರವಾದ ಜಾಲತಾಣಗಳೂ ಅದರಲ್ಲಿ ಇಂದಿಗೂ ತಡವರಿಸುತ್ತವೆ. ಅಷ್ಟನ್ನು ಅದರಿಂದ ನಿರೀಕ್ಷಿಸಲಾಗದು.

ನೀವು ನೆನಪಿಡಬೇಕಾದುದಿಷ್ಟು:

1. ಮೊದಲು ಯಂತ್ರದ ಸ್ಮೃತಿಯೆಷ್ಟು, ಪ್ರೊಸೆಸರು ಎಷ್ಟು ಬಿಟ್ಟಿನದು ಎಂಬುದನ್ನು ತಿಳಿಯಿರಿ. 32 ಬಿಟ್ಟಿನ ಯಂತ್ರದಲ್ಲಿ 64 ಬಿಟ್ಟಿನ ವ್ಯವಸ್ಥೆ ನಡೆಯದು.

2. ಯಾವ ಕೆಲಸಕ್ಕೆ ಬೇಕೆಂಬುದನ್ನು ನಿಶ್ಚಯಿಸಿಕೊಳ್ಳಿರಿ.

3. ಹೊಸ ವ್ಯವಸ್ಥೆಯನ್ನು ಸ್ಥಾಪಿಸುವ ಮುನ್ನ ಪೆನ್‌ಡ್ರೈವಿನಿಂದಲೋ ಸಿಡಿಯಿಂದಲೋ ನಡೆಸಿ ಪರೀಕ್ಷಿಸಿರಿ. ಕನ್ನಡ ಬರಹವೊಂದನ್ನು ತಪ್ಪದೆ ತೆರೆದು ನೋಡಿರಿ.

4. ಸ್ಥಾಪಿಸುವಾಗ ಹಳೆಯ ಕಡತಗಳು ಅಳಿಸಿಹೋಗಬಹುದು. ಮೊದಲೇ ಬೇರೆಡೆ ಪ್ರತಿಮಾಡಿಕೊಳ್ಳಿರಿ.

ಹಳೆಯದೆಂದ ಮಾತ್ರಕ್ಕೆ ಯಾವ ವಸ್ತುವೂ ನಿರುಪಯುಕ್ತವಲ್ಲ. ಅದರ ಶಕ್ತಿಯನ್ನು ಅರಿತು ತಕ್ಕ ಹೊರೆಯನ್ನು ಹೊರಿಸುವುದೇ ಜಾಣತನ.